ಮೊಣಕೈಯ ಆಂಕೋನಿಯಸ್ ಸ್ನಾಯು: ರಚನೆ, ಕಾರ್ಯ ಹಾಗೂ ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಮೊಣಕೈಗೆ ಪೆಟ್ಟು ಬಿದ್ದು ಅಥವಾ ಶಸ್ತ್ರಚಿಕಿತ್ಸೆಗೆ ಒಳಗಾಗಿ, ತದನಂತರ ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ತಮ್ಮೊಡನೆ ತರುವ ಸ್ಕ್ಯಾನಿಂಗ್ ವರದಿಗಳಲ್ಲಿ ಹಾಗೂ ಆಸ್ಪತ್ರೆಯ ಬಿಡುಗಡೆ ಪತ್ರಗಳಲ್ಲಿ "ಆಂಕೋನಿಯಸ್" ಎಂಬ ಪದವು ಕೆಲವೊಮ್ಮೆ ಕಂಡುಬರುತ್ತದೆ. ಅಪರಿಚಿತವಾದ ಈ ಹೆಸರನ್ನು ಓದಿದವರಿಗೆ ದೊಡ್ಡದೇನೋ ಹಾಳಾಗಿದೆ ಎಂಬ ಆತಂಕ ಉಂಟಾಗುವುದು ಸಹಜ. ಈ ಸ್ನಾಯು ಎಲ್ಲಿದೆ, ಏನು ಕೆಲಸ ಮಾಡುತ್ತದೆ, ವೈದ್ಯರು ಇದಕ್ಕೆ ಏಕೆ ಗಮನ ಕೊಡುತ್ತಾರೆ ಹಾಗೂ ವೈದ್ಯಕೀಯ ಮೌಲ್ಯಮಾಪನದಲ್ಲಿ ಇದರ ಪಾತ್ರವೆಷ್ಟು ಎಂಬ ವಿಷಯಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ. ಈ ಲೇಖನವು ವೈದ್ಯರ ಸಲಹೆಗೆ ಬದಲಿಯಲ್ಲ.

ಸ್ನಾಯುವಿನ ಸ್ಥಾನ

ಮೊಣಕೈ ಕೀಲಿನಲ್ಲಿ ಮೂರು ಎಲುಬುಗಳು ಕೂಡುತ್ತವೆ. ತೋಳಿನ ಎಲುಬಾದ ಹ್ಯೂಮರಸ್ ಮೇಲಿನಿಂದ ಬಂದರೆ, ಮುಂಗೈಯ ಎರಡು ಎಲುಬುಗಳು ಕೆಳಗಿನಿಂದ ಬಂದು ಅದಕ್ಕೆ ಸೇರುತ್ತವೆ. ಇವುಗಳಲ್ಲಿ ಕಿರುಬೆರಳಿನ ಕಡೆಯದು ಅಲ್ನಾ, ಹೆಬ್ಬೆರಳಿನ ಕಡೆಯದು ರೇಡಿಯಸ್. ಮೇಜಿನ ಮೇಲೆ ಮೊಣಕೈ ಊರಿದಾಗ ಒತ್ತುವ ಗಟ್ಟಿಯಾದ ತುದಿಯು ಅಲ್ನಾ ಎಲುಬಿನ ಮೇಲ್ಭಾಗವಾಗಿದ್ದು, ಅದನ್ನು ಒಲೆಕ್ರಾನನ್ ಎನ್ನುತ್ತಾರೆ. ಹೂವಾಡಗಿತ್ತಿಯು ಮಾಲೆಯನ್ನು ಮೊಳ ಹಾಕಿ ಅಳೆಯುವಾಗ ಅಳತೆ ಆರಂಭವಾಗುವುದು ಇದೇ ತುದಿಯಿಂದ. ಕಾನೂನು ಕೂಡ ಈ ತುದಿಯನ್ನು ಅಳತೆಯ ಗುರುತಾಗಿ ಬಳಸಿದ್ದುಂಟು. 1923ರ ಕಾರ್ಮಿಕರ ಪರಿಹಾರ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿ, ಅಪಘಾತದಿಂದ ಮುಂಗೈ ಕತ್ತರಿಸಲ್ಪಟ್ಟಾಗ ಒಲೆಕ್ರಾನನ್ ತುದಿಯಿಂದ ಕೆಳಕ್ಕೆ 11.43 ಸೆಂ.ಮೀ. ಉಳಿದಿದ್ದರೆ ಗಳಿಕೆಯ ಸಾಮರ್ಥ್ಯದ ನಷ್ಟವನ್ನು ಶೇ. 60 ಎಂದೂ, ಅದಕ್ಕಿಂತ ಕಡಿಮೆ ಉಳಿದಿದ್ದರೆ ಶೇ. 70 ಎಂದೂ ನಿಗದಿಪಡಿಸಲಾಗಿತ್ತು.

ಆಂಕೋನಿಯಸ್ ಸ್ನಾಯು ಈ ತುದಿಯ ಪಕ್ಕದಲ್ಲಿಯೇ, ಮೊಣಕೈಯ ಹಿಂಭಾಗದ ಹೊರಮಗ್ಗುಲಿನಲ್ಲಿ, ಚರ್ಮದ ಕೆಳಗೇ ಇರುತ್ತದೆ. ಗ್ರೀಕ್ ಭಾಷೆಯಲ್ಲಿ "ಆಂಕೋನ್" ಎಂದರೆ ಮೊಣಕೈ ಎಂದೇ ಅರ್ಥ. ಹ್ಯೂಮರಸ್ ಎಲುಬಿನ ಕೆಳತುದಿಯ ಹೊರಬದಿಯಲ್ಲಿ ಉಬ್ಬಿಕೊಂಡಿರುವ ಗಂಟಿನ ಹಿಂಭಾಗದಿಂದ ಒಂದು ಚಿಕ್ಕ ಸ್ನಾಯುರಜ್ಜುವಿನ ಮೂಲಕ ಇದು ಹೊರಡುತ್ತದೆ. ಅಲ್ಲಿಂದ ಬೀಸಣಿಗೆಯಂತೆ ಅಗಲವಾಗುತ್ತಾ ಒಲೆಕ್ರಾನನ್ನಿನ ಹೊರಬದಿಗೂ, ಅಲ್ನಾ ಎಲುಬಿನ ಹಿಂಭಾಗದ ಮೇಲಿನ ಸುಮಾರು ಕಾಲು ಭಾಗಕ್ಕೂ ಅಂಟಿಕೊಳ್ಳುತ್ತದೆ. ಹೀಗಾಗಿ ಇದರ ಆಕಾರ ತ್ರಿಕೋನ. ರೇಡಿಯಸ್ ಎಲುಬಿನ ದುಂಡನೆಯ ತಲೆ ಹಾಗೂ ಅದನ್ನು ಬಳೆಯಂತೆ ಸುತ್ತಿಕೊಂಡಿರುವ ಅಸ್ಥಿರಜ್ಜು ಈ ಸ್ನಾಯುವಿನ ಮರೆಯಲ್ಲಿರುತ್ತವೆ.

ಇದನ್ನು ಯಾರು ಬೇಕಾದರೂ ತಮ್ಮ ಕೈಯಲ್ಲಿಯೇ ಗುರುತಿಸಿಕೊಳ್ಳಬಹುದು. ಮೊಣಕೈಯನ್ನು ನೇರಕೋನಕ್ಕೆ ಮಡಿಸಿ, ಹೊರಬದಿಯ ಗಂಟಿನ ಮೇಲೆ ಒಂದು ಬೆರಳನ್ನೂ ಒಲೆಕ್ರಾನನ್ ತುದಿಯ ಮೇಲೆ ಮತ್ತೊಂದು ಬೆರಳನ್ನೂ ಇರಿಸಬೇಕು. ಅನಂತರ ಗಂಟಿನ ಕೆಳಭಾಗದಲ್ಲಿ ಒತ್ತಿ ಹಿಡಿದು ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸಿದರೆ, ಬೆರಳಿನ ಅಡಿಯಲ್ಲಿ ಗುಂಡಿಯಂತೆ ತಿರುಗುವ ಎಲುಬು ಸಿಗುತ್ತದೆ. ಅದೇ ರೇಡಿಯಸ್ ತಲೆ. ಈ ಮೂರು ಬಿಂದುಗಳ ನಡುವಣ ಮೆತ್ತನೆಯ ತಗ್ಗಿನಲ್ಲಿ ಆಂಕೋನಿಯಸ್ ಇರುತ್ತದೆ. ಕೀಲಿನೊಳಗೆ ರಕ್ತವಾಗಲಿ ನೀರಾಗಲಿ ತುಂಬಿಕೊಂಡಾಗ ಮೊದಲು ಉಬ್ಬಿ ಕಾಣುವುದು ಈ ತಗ್ಗೇ. ಕೀಲಿನ ನೀರನ್ನು ಸೂಜಿಯಿಂದ ತೆಗೆಯಬೇಕಾದಾಗ ವೈದ್ಯರು ಸಾಮಾನ್ಯವಾಗಿ ಆರಿಸಿಕೊಳ್ಳುವ ಜಾಗವೂ ಇದೇ ಆಗಿದೆ. ಬಿದ್ದ ನಂತರ ಎರಡೂ ಮೊಣಕೈಗಳನ್ನು ಹೋಲಿಸಿ ನೋಡಿದಾಗ ಒಂದರಲ್ಲಿ ಈ ತಗ್ಗು ಮಾಯವಾಗಿದ್ದರೆ, ನೋವು ಎಷ್ಟೇ ಕಡಿಮೆ ಇದ್ದರೂ ಕ್ಷ-ಕಿರಣ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ. ರೇಡಿಯಸ್ ತಲೆಯ ಸಣ್ಣ ಬಿರುಕುಗಳು ಇಂತಹ ಸಂದರ್ಭಗಳಲ್ಲಿಯೇ ಗಮನಕ್ಕೆ ಬಾರದೆ ಉಳಿದುಬಿಡುತ್ತವೆ.

ನರ ಮತ್ತು ರಕ್ತದ ಪೂರೈಕೆ

ತೋಳಿನ ಹಿಂಭಾಗದ ದೊಡ್ಡ ಸ್ನಾಯುವಾದ ಟ್ರೈಸೆಪ್ಸ್ ಹಾಗೂ ಆಂಕೋನಿಯಸ್ ಎರಡೂ ಒಂದೇ ನರದ ಆಳ್ವಿಕೆಗೆ ಒಳಪಟ್ಟಿವೆ. ಅದು ರೇಡಿಯಲ್ ನರ. ಟ್ರೈಸೆಪ್ಸ್‌ನ ಮೂರು ತಲೆಗಳ ಪೈಕಿ ಒಳಗಿನ ತಲೆಗೆ ಹೋಗುವ ನರದ ಕವಲು ಅಲ್ಲಿಗೇ ನಿಲ್ಲದೆ, ಆ ಸ್ನಾಯುವಿನ ಒಡಲಿನೊಳಗೇ ಸಾಗಿ, ಮೊಣಕೈಯ ಹಿಂದಿನಿಂದ ಬಂದು ಆಂಕೋನಿಯಸ್ ಅನ್ನು ತಲುಪುತ್ತದೆ. ಅನೇಕರಲ್ಲಿ ಈ ಎರಡು ಸ್ನಾಯುಗಳ ಎಳೆಗಳೂ ಒಂದರೊಳಗೊಂದು ಬೆರೆತಿರುತ್ತವೆ. ಹಿಂದಿನ ಕೆಲವು ಅಂಗರಚನಾ ಶಾಸ್ತ್ರಜ್ಞರು ಟ್ರೈಸೆಪ್ಸ್‌ನ ಮೂರು ತಲೆಗಳನ್ನೂ ಆಂಕೋನಿಯಸ್ ಎಂದೇ ಕರೆದು, ಈ ಚಿಕ್ಕ ಸ್ನಾಯುವಿಗೆ "ನಾಲ್ಕನೆಯ ಆಂಕೋನಿಯಸ್" ಎಂಬ ಹೆಸರನ್ನು ಇಟ್ಟಿದ್ದರು. ರಕ್ತವು ಮೇಲಿನಿಂದ ತೋಳಿನ ಆಳದ ರಕ್ತನಾಳದ ಕವಲಿನ ಮೂಲಕವೂ, ಕೆಳಗಿನಿಂದ ಮುಂಗೈಯ ಹಿಂಬದಿಯ ರಕ್ತನಾಳದ ಮರುಗವಲಿನ ಮೂಲಕವೂ ದೊರೆಯುತ್ತದೆ. ಎರಡು ಕಡೆಯಿಂದ ರಕ್ತ ಬರುವುದರಿಂದ ಶಸ್ತ್ರಚಿಕಿತ್ಸಕರಿಗೆ ಆಗುವ ಅನುಕೂಲವನ್ನು ಮುಂದೆ ತಿಳಿಸಲಾಗಿದೆ.

ಕಾರ್ಯ

ಮಡಿಸಿದ ಮೊಣಕೈಯನ್ನು ನೇರ ಮಾಡುವ ಕೆಲಸದ ಬಹುಪಾಲು ಟ್ರೈಸೆಪ್ಸ್‌ಗೆ ಸೇರಿದ್ದು. ಆಂಕೋನಿಯಸ್ ಅದಕ್ಕೆ ಕೈಜೋಡಿಸುತ್ತದೆಯಷ್ಟೆ. ಕುರ್ಚಿಯ ಕೈಗಳನ್ನು ಒತ್ತಿ ಮೇಲೇಳುವಾಗ, ಊರುಗೋಲಿನ ಮೇಲೆ ಭಾರ ಹಾಕುವಾಗ, ತಳ್ಳುಗಾಡಿಯನ್ನು ದೂಡುವಾಗ ಇದರ ಪಾಲು ಗೌಣ. ಆದರೆ ಬಲ ಹೆಚ್ಚು ಬೇಡದ ಹಗುರವಾದ ಚಲನೆಗಳಲ್ಲಿ ಚಿತ್ರ ಸ್ವಲ್ಪ ಬೇರೆಯಾಗುತ್ತದೆ. ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಅಧ್ಯಯನಗಳಲ್ಲಿ, ಅತಿ ಕಡಿಮೆ ಬಲದಿಂದ ಮೊಣಕೈ ನೇರಗೊಳಿಸುವಾಗ ಆಂಕೋನಿಯಸ್ ಬಹು ಬೇಗನೆ ಕೆಲಸಕ್ಕೆ ತೊಡಗುವುದು ಕಂಡುಬಂದಿದೆ; ಬಲ ಹೆಚ್ಚಿದಂತೆ ಟ್ರೈಸೆಪ್ಸ್ ಭಾರವನ್ನು ವಹಿಸಿಕೊಳ್ಳುತ್ತದೆ. ಆಂಕೋನಿಯಸ್‌ನಲ್ಲಿ ನಿಧಾನವಾಗಿ ಸಂಕುಚಿಸುವ, ಬೇಗ ದಣಿಯದ ಎಳೆಗಳೇ ಹೆಚ್ಚಾಗಿವೆ. ಆದುದರಿಂದ ಇದನ್ನು ಭಾರ ಎತ್ತುವ ಆಳಿಗಿಂತ, ದಿನವಿಡೀ ಕೀಲನ್ನು ಹದದಲ್ಲಿ ಹಿಡಿದಿರುವ ಕಾವಲುಗಾರನಿಗೆ ಹೋಲಿಸುವುದು ಹೆಚ್ಚು ಸರಿಯಾದೀತು.

ಎರಡನೆಯ ಕಾರ್ಯವು ಹೆಚ್ಚು ಕುತೂಹಲಕರವಾದುದು. ತೀರ್ಥ ಸ್ವೀಕರಿಸುವಾಗ ಅಂಗೈ ಮೇಲ್ಮುಖವಾಗಿರುತ್ತದೆ; ಅದೇ ಕೈಯನ್ನು ಮೇಜಿನ ಮೇಲೆ ಬೋರಲಾಗಿ ಇಡುವಾಗ ಕೆಳಮುಖವಾಗುತ್ತದೆ. ಹೀಗೆ ತಿರುಗುವಾಗ ಅಲ್ನಾ ಎಲುಬು ಕದಲದೆ ನಿಂತು, ರೇಡಿಯಸ್ ಎಲುಬು ಅದರ ಸುತ್ತ ಸುತ್ತುತ್ತದೆ ಎಂದು ಶಾಲೆಯ ಪುಸ್ತಕಗಳಲ್ಲಿ ಓದಿರುತ್ತೇವೆ. ವಾಸ್ತವದಲ್ಲಿ ಅಲ್ನಾ ಪೂರ್ತಿ ನಿಶ್ಚಲವಾಗಿದ್ದರೆ ಅಂಗೈಯು ಕಿರುಬೆರಳಿನ ಕಡೆಯ ಅಂಚನ್ನು ಕೇಂದ್ರವಾಗಿಸಿಕೊಂಡು ಪಕ್ಕಕ್ಕೆ ಮಗುಚಿಕೊಳ್ಳಬೇಕಾಗುತ್ತದೆ. ಬೀಗದಲ್ಲಿ ಕೀಲಿಕೈ ತಿರುಗಿಸುವಾಗ ಅಥವಾ ಸ್ಕ್ರೂ ಬಿಗಿಮಾಡುವಾಗ ಹಾಗೆ ಆಗುವುದಿಲ್ಲ. ಕೈ ಇದ್ದ ಜಾಗದಲ್ಲಿಯೇ, ಅಂಗೈಯ ನಡುವಿನ ಅಕ್ಷದ ಸುತ್ತ ತಿರುಗುತ್ತದೆ. ಇದಕ್ಕೆ ಕಾರಣವೆಂದರೆ, ಅಂಗೈ ಕೆಳಮುಖವಾಗುವಾಗ ಅಲ್ನಾ ಕೂಡ ಸ್ವಲ್ಪ ಹೊರಕ್ಕೆ ಸರಿದು ದಾರಿ ಕೊಡುತ್ತದೆ. ಈ ಅಲ್ಪ ಸರಿಯುವಿಕೆಯನ್ನು ಆಂಕೋನಿಯಸ್ ನಡೆಸುತ್ತದೆ ಎಂದು ಫ್ರಾನ್ಸಿನ ವೈದ್ಯ ಡುಶೆನ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಪ್ರತಿಪಾದಿಸಿದ್ದರು. ಒಂದೊಂದು ಸ್ನಾಯುವಿಗೂ ಚರ್ಮದ ಮೇಲಿನಿಂದ ವಿದ್ಯುತ್ ಹಾಯಿಸಿ, ಅದು ಎಲುಬನ್ನು ಯಾವ ಕಡೆಗೆ ಎಳೆಯುತ್ತದೆ ಎಂಬುದನ್ನು ಕಣ್ಣಾರೆ ನೋಡಿ ದಾಖಲಿಸಿದ ಅವರ ಗ್ರಂಥ 1867ರಲ್ಲಿ ಪ್ರಕಟವಾಯಿತು.

ಈ ಅಭಿಪ್ರಾಯ ಎಲ್ಲರಿಗೂ ಪೂರ್ತಿ ಒಪ್ಪಿಗೆಯಾಗಿದೆ ಎನ್ನಲಾಗದು. ಬಸ್ಮಾಜಿಯನ್ ಮತ್ತು ಗ್ರಿಫಿನ್ ಅವರು 1972ರಲ್ಲಿ ಪ್ರಕಟಿಸಿದ ವಿದ್ಯುತ್ ದಾಖಲೆಯ ಅಧ್ಯಯನದಲ್ಲಿ, ಅಂಗೈಯನ್ನು ಕೆಳಕ್ಕೆ ತಿರುಗಿಸುವಾಗ ಮಾತ್ರವಲ್ಲದೆ ಮೇಲಕ್ಕೆ ತಿರುಗಿಸುವಾಗಲೂ ಈ ಸ್ನಾಯು ಚುರುಕಾಗಿರುವುದು ಕಂಡುಬಂದಿತು. ಎರಡು ವಿರುದ್ಧ ಚಲನೆಗಳಲ್ಲಿಯೂ ಒಂದೇ ಸ್ನಾಯು ಕೆಲಸ ಮಾಡುತ್ತಿದೆಯೆಂದರೆ, ಅದು ಚಲನೆಯನ್ನು ಉಂಟುಮಾಡುವುದಕ್ಕಿಂತ ಕೀಲನ್ನು ಭದ್ರವಾಗಿ ಹಿಡಿದಿಡುತ್ತಿದೆ ಎಂದು ತಿಳಿಯುವುದು ಯುಕ್ತವೆನಿಸುತ್ತದೆ. ರಾಗಿ ಮುದ್ದೆಯನ್ನು ಕೋಲಿನಿಂದ ತಿರುವುವಾಗ ಮೊಣಕೈ ಅತ್ತಿತ್ತ ಜಾರದೆ ನಿಲ್ಲುವುದರಲ್ಲಿ ಸುತ್ತಲಿನ ಇತರ ಸ್ನಾಯುಗಳೊಂದಿಗೆ ಇದರ ಪಾಲೂ ಇದೆ. ಇದರ ಜೊತೆಗೆ, ಕೈ ನೇರವಾಗುವಾಗ ಕೀಲಿನ ಹೊರಚೀಲವನ್ನು ಬಿಗಿಹಿಡಿದು, ಅದು ಎಲುಬುಗಳ ಸಂದಿಯಲ್ಲಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವ ಕೆಲಸವೂ ಈ ಸ್ನಾಯುವಿನದೆಂದು ಹೇಳಲಾಗುತ್ತದೆ.

ವೈದ್ಯರಿಗೆ ಈ ಸ್ನಾಯುವಿನಿಂದ ಆಗುವ ಪ್ರಯೋಜನ

ಬಲದ ದೃಷ್ಟಿಯಿಂದ ಚಿಕ್ಕದಾದ ಈ ಸ್ನಾಯು, ಮೊಣಕೈಯ ಶಸ್ತ್ರಚಿಕಿತ್ಸೆಯಲ್ಲಿ ದಾರಿ ತೋರಿಸುವ ಗುರುತಾಗಿದೆ. ಮುರಿದ ರೇಡಿಯಸ್ ತಲೆಯನ್ನು ಸರಿಪಡಿಸಲು ಆಂಕೋನಿಯಸ್‌ಗೂ ಅದರ ಪಕ್ಕದ ಮಣಿಕಟ್ಟಿನ ಸ್ನಾಯುವಿಗೂ ನಡುವೆ ಬಿಡಿಸಿಕೊಂಡು ಒಳಹೋಗುವ ವಿಧಾನಕ್ಕೆ ಕೋಕರ್ ವಿಧಾನವೆಂದು ಹೆಸರು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೋಡೋರ್ ಕೋಕರ್ ಅವರು 1909ರಲ್ಲಿ ಥೈರಾಯ್ಡ್ ಗ್ರಂಥಿಯ ಕುರಿತ ಕಾರ್ಯಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದವರು. ಪಕ್ಕಪಕ್ಕದ ಈ ಎರಡು ಸ್ನಾಯುಗಳಿಗೆ ಬೇರೆ ಬೇರೆ ನರಕವಲುಗಳು ಬರುವುದರಿಂದ, ಅವುಗಳ ನಡುವಿನ ಗೆರೆಯಲ್ಲಿ ಬಿಡಿಸಿದರೆ ಎರಡರ ನರಗಳಿಗೂ ಧಕ್ಕೆಯಾಗುವುದಿಲ್ಲ. ಬಿಡುಗಡೆ ಪತ್ರದಲ್ಲಿ ಆಂಕೋನಿಯಸ್ ಹೆಸರು ಇರುವುದಕ್ಕೆ ಅನೇಕ ವೇಳೆ ಇಷ್ಟೇ ಕಾರಣ. ಶಸ್ತ್ರಚಿಕಿತ್ಸಕರು ಹೋದ ದಾರಿಯನ್ನು ಅದು ಹೇಳುತ್ತದೆಯೇ ಹೊರತು ಸ್ನಾಯು ನಷ್ಟವಾಗಿದೆ ಎಂದಲ್ಲ.

ಎರಡು ಕಡೆಯಿಂದ ರಕ್ತ ಪೂರೈಕೆ ಇರುವುದರಿಂದ ಇದನ್ನು ಒಂದು ತುದಿಯಲ್ಲಿ ಬಿಡಿಸಿ, ಸಮೀಪದ ಸಣ್ಣ ಗಾಯದ ತೆರಪನ್ನು ಮುಚ್ಚಲು ಅಥವಾ ಒಂದಕ್ಕೊಂದು ಬೆಸೆದುಕೊಂಡ ಎಲುಬುಗಳನ್ನು ಬೇರ್ಪಡಿಸಿದ ಮೇಲೆ ಅವುಗಳ ನಡುವೆ ಇರಿಸಲು ಬಳಸುವುದೂ ಉಂಟು. ಹಾಗೆ ತೆಗೆದು ಬಳಸಿದರೂ ಟ್ರೈಸೆಪ್ಸ್ ಸರಿಯಾಗಿದ್ದಲ್ಲಿ ಮೊಣಕೈ ನೇರ ಮಾಡುವ ಶಕ್ತಿಗೆ ಹೇಳಿಕೊಳ್ಳುವಂತಹ ಕೊರತೆ ಆಗುವುದಿಲ್ಲ.

ನರರೋಗ ಪರೀಕ್ಷೆಯಲ್ಲಿ ಇದರ ಉಪಯೋಗ ಇನ್ನೊಂದು ಬಗೆಯದು. ತೋಳಿನ ಎಲುಬು ನಡುವೆ ಮುರಿದಾಗ ಅಥವಾ ತೋಳನ್ನು ಕುರ್ಚಿಯ ಹಿಂಬದಿಗೆ ಒತ್ತಿಕೊಂಡು ಗಾಢವಾಗಿ ನಿದ್ರಿಸಿದಾಗ ರೇಡಿಯಲ್ ನರಕ್ಕೆ ಪೆಟ್ಟಾಗಿ ಮಣಿಕಟ್ಟು ಜೋತುಬೀಳುತ್ತದೆ. ಟ್ರೈಸೆಪ್ಸ್‌ಗೂ ಆಂಕೋನಿಯಸ್‌ಗೂ ಹೋಗುವ ಕವಲುಗಳು ಸಾಮಾನ್ಯವಾಗಿ ಈ ಪೆಟ್ಟಿನ ಜಾಗಕ್ಕಿಂತ ಮೇಲೆಯೇ ಹೊರಟಿರುವುದರಿಂದ ಅವು ಸುರಕ್ಷಿತವಾಗಿರುತ್ತವೆ. ಸೂಜಿ ಪರೀಕ್ಷೆಯಲ್ಲಿ ಆಂಕೋನಿಯಸ್ ಕೂಡ ದುರ್ಬಲವೆಂದು ಕಂಡುಬಂದರೆ, ತೊಂದರೆ ಇನ್ನೂ ಮೇಲಿದೆ, ಪ್ರಾಯಶಃ ಕತ್ತಿನ ನರಬೇರುಗಳಲ್ಲಿದೆ ಎಂಬ ಸಂಶಯಕ್ಕೆ ಎಡೆಯಾಗುತ್ತದೆ. ಮಯಾಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯು ದೌರ್ಬಲ್ಯದ ಕಾಯಿಲೆಯನ್ನು ಪತ್ತೆಹಚ್ಚಲು ನರವನ್ನು ಮತ್ತೆ ಮತ್ತೆ ಪ್ರಚೋದಿಸಿ ನೋಡುವ ಪರೀಕ್ಷೆಯನ್ನೂ ಈ ಸ್ನಾಯುವಿನ ಮೇಲೆ ನಡೆಸಲಾಗುತ್ತದೆ. ಆದಕಾರಣ ನರಪರೀಕ್ಷೆಯ ವರದಿಯಲ್ಲಿ ಈ ಹೆಸರು ಇದ್ದಲ್ಲಿ ಆ ವರದಿಯನ್ನು ಕಳೆದುಕೊಳ್ಳದೆ ಇಟ್ಟುಕೊಳ್ಳತಕ್ಕದ್ದು.

ಹೆಸರಿನ ಗೊಂದಲ ಮತ್ತು ಹೊರಬದಿಯ ನೋವು

ವರದಿಗಳಲ್ಲಿ "ಆಂಕೋನಿಯಸ್ ಎಪಿಟ್ರೋಕ್ಲಿಯಾರಿಸ್" ಎಂಬ ಉದ್ದನೆಯ ಹೆಸರು ಬಂದರೆ ಅದು ಬೇರೆಯದೇ ಸ್ನಾಯು ಎಂದು ತಿಳಿಯಬೇಕು. ಇದು ಮೊಣಕೈಯ ಒಳಬದಿಯಲ್ಲಿರುತ್ತದೆ, ಎಲ್ಲರಲ್ಲಿಯೂ ಇರುವುದಿಲ್ಲ. ಒಳಬದಿಯ ಗಂಟಿನಿಂದ ಒಲೆಕ್ರಾನನ್‌ವರೆಗೆ ಸೇತುವೆಯಂತೆ ಹಾದು, ಅಲ್ನಾರ್ ನರವನ್ನು ಮುಚ್ಚಿಕೊಂಡಿರುತ್ತದೆ. ಮೊಣಕೈಗೆ ಏನಾದರೂ ತಗುಲಿದಾಗ ಕಿರುಬೆರಳಿನವರೆಗೆ ಜುಂ ಎನ್ನಿಸುವುದು ಇದೇ ನರದಿಂದ. ಈ ಹೆಚ್ಚುವರಿ ಸ್ನಾಯು ಇದ್ದವರಲ್ಲಿ ಅನೇಕರಿಗೆ ಯಾವ ತೊಂದರೆಯೂ ಇರುವುದಿಲ್ಲ. ಕೆಲವರಲ್ಲಿ ನರ ಒತ್ತಿಕೊಂಡು ಕಿರುಬೆರಳು ಹಾಗೂ ಉಂಗುರ ಬೆರಳುಗಳು ಜೋಮು ಹಿಡಿಯುತ್ತವೆ, ಕಾಲಕ್ರಮದಲ್ಲಿ ಅಂಗೈಯ ಸಣ್ಣ ಸ್ನಾಯುಗಳು ಸೊರಗುತ್ತವೆ. ಅಂತಹವರು ತಡಮಾಡದೆ ಚಿಕಿತ್ಸೆ ಪಡೆಯುವುದು ಅವಶ್ಯಕ.

ಮೊಣಕೈಯ ಹೊರಬದಿಯ ನೋವಿಗೆ ಬಹುತೇಕ ಸಂದರ್ಭಗಳಲ್ಲಿ ಆಂಕೋನಿಯಸ್ ಕಾರಣವಲ್ಲ. ಟೆನ್ನಿಸ್ ಎಲ್ಬೋ ಎಂದು ಕರೆಯಲಾಗುವ ತೊಂದರೆಯು ಅದರ ನೆರೆಯ, ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುವಿನ ರಜ್ಜುವಿನಲ್ಲಿ ಹುಟ್ಟುತ್ತದೆ. ಟೆನ್ನಿಸ್ ಆಟವನ್ನು ಎಂದೂ ಆಡದ ಗಾರೆ ಕೆಲಸದವರಿಗೂ, ಬಟ್ಟೆ ಹಿಂಡುವ ಗೃಹಿಣಿಯರಿಗೂ ಇದು ಬರುತ್ತದೆ. ಬಹುಪಾಲು ಜನರಲ್ಲಿ ವಿಶ್ರಾಂತಿ, ವ್ಯಾಯಾಮಗಳಿಂದ ಕಾಲಕ್ರಮೇಣ ವಾಸಿಯಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಮೊಣಕೈ ಮುರಿದಾಗ ಅಥವಾ ಕೀಲು ತಪ್ಪಿದಾಗ ಎಣ್ಣೆ ಹಚ್ಚಿ ಬಲವಾಗಿ ನೀವುವುದು, ಬಿಗಿದ ಕೈಯನ್ನು ಇತರರಿಂದ ಒತ್ತಿಸಿ ನೇರ ಮಾಡಿಸುವುದು ನಮ್ಮಲ್ಲಿ ರೂಢಿಯಲ್ಲಿದೆ. ಪೆಟ್ಟಾದ ಸ್ನಾಯುಗಳನ್ನು ಹೀಗೆ ಮತ್ತೆ ಮತ್ತೆ ಘಾಸಿಗೊಳಿಸಿದಲ್ಲಿ ಅವುಗಳ ಒಳಗೇ ಎಲುಬು ಬೆಳೆದು ಕೀಲು ಶಾಶ್ವತವಾಗಿ ಬಿಗಿದುಕೊಳ್ಳುವ ಸಂಭವವಿದೆ. ಮೊಣಕೈ ಈ ತೊಂದರೆಗೆ ವಿಶೇಷವಾಗಿ ಈಡಾಗುವ ಕೀಲು. ರೋಗಿಯೇ ತನ್ನ ಶಕ್ತಿಯಿಂದ, ನೋವಿನ ಮಿತಿಯೊಳಗೆ ಕೈಯನ್ನು ಆಡಿಸುವುದು ಸುರಕ್ಷಿತ ಕ್ರಮ.

ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಪ್ರಮಾಣಪತ್ರ ನೀಡುವಾಗ ವೈದ್ಯಾಧಿಕಾರಿಗಳು ಪರಿಗಣಿಸುವುದು ಸ್ನಾಯುವಿನ ಹೆಸರನ್ನಲ್ಲ, ಕೈಯ ಕಾರ್ಯಶಕ್ತಿಯನ್ನು. ಕೇಂದ್ರ ಸರ್ಕಾರವು 2018ರ ಜನವರಿಯಲ್ಲಿ ಹೊರಡಿಸಿದ ಮೌಲ್ಯಮಾಪನ ಮಾರ್ಗಸೂಚಿಗಳು 2024ರ ಮಾರ್ಚ್ ತಿಂಗಳಿನಲ್ಲಿ ಪರಿಷ್ಕೃತಗೊಂಡಿವೆ. ಲೆಕ್ಕದ ಸ್ವರೂಪವನ್ನು ತಿಳಿಯಲು 2018ರ ಮಾರ್ಗಸೂಚಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ ತೋಳಿನ ಭಾಗವನ್ನು ಕೀಲುಗಳ ಚಲನೆ, ಸ್ನಾಯುಗಳ ಬಲ ಹಾಗೂ ದಿನನಿತ್ಯದ ಹೊಂದಾಣಿಕೆಯ ಕೆಲಸಗಳು ಎಂಬ ಮೂರು ದೃಷ್ಟಿಯಿಂದ ನೋಡಲಾಗುತ್ತದೆ. ಚಲನೆಯ ಲೆಕ್ಕದಲ್ಲಿ ಭುಜ, ಮೊಣಕೈ, ಮಣಿಕಟ್ಟು ಈ ಮೂರು ಕೀಲುಗಳಿಗೆ ತಲಾ ಶೇ. 30ರಷ್ಟು ಸಮಾನ ತೂಕವಿದೆ. ಒಂದು ಕೀಲಿನ ಚಲನೆಯಲ್ಲಿ ಅರ್ಧದಷ್ಟು ನಷ್ಟವಾಗಿದ್ದರೆ, ತೋಳಿನ ಭಾಗದ ಚಲನೆಯ ನಷ್ಟವು 50ನ್ನು 0.30ರಿಂದ ಗುಣಿಸಿ ಶೇ. 15 ಎಂದಾಗುತ್ತದೆ. ಬಲವನ್ನು 0ಯಿಂದ 5ರವರೆಗಿನ ದರ್ಜೆಗಳಲ್ಲಿ ಅಳೆಯಲಾಗುತ್ತದೆ. ಇದರಲ್ಲಿ 5 ಎಂದರೆ ಪೂರ್ಣ ಬಲ, 3 ಎಂದರೆ ಭೂಮಿಯ ಸೆಳೆತವನ್ನು ಮೀರಿ ಎತ್ತಬಲ್ಲ ಬಲ, 0 ಎಂದರೆ ಚಲನೆಯೇ ಇಲ್ಲ ಎಂದರ್ಥ.

ಆಂಕೋನಿಯಸ್‌ನ ಬಲವನ್ನು ಟ್ರೈಸೆಪ್ಸ್‌ನಿಂದ ಬೇರ್ಪಡಿಸಿ ಕೈಯಿಂದ ಪರೀಕ್ಷಿಸಲು ಬರುವುದಿಲ್ಲ. ಆದುದರಿಂದ ಈ ಸ್ನಾಯು ಒಂದಕ್ಕೇ ಆದ ಹಾನಿಯಿಂದ, ಹಲವು ಸವಲತ್ತುಗಳಿಗೆ ಅಗತ್ಯವಾದ ಶೇ. 40ರ ಮಿತಿಯನ್ನು ತಲುಪಲು ಸಾಧ್ಯವಿಲ್ಲ. ಇದನ್ನು ಮೊದಲೇ ತಿಳಿಸುವುದು ಅರ್ಜಿದಾರರ ಹಿತದೃಷ್ಟಿಯಿಂದ ಒಳ್ಳೆಯದು. ಆದರೆ ಇದರ ಮತ್ತೊಂದು ಮುಖವನ್ನೂ ಗಮನಿಸಬೇಕು. ವರದಿಯಲ್ಲಿ "ಸಣ್ಣ ಸ್ನಾಯುವಿನ ಗಾಯ" ಎಂದು ಬರೆದಿದ್ದರೂ, ಮೊಣಕೈ ಬಿಗಿದುಕೊಂಡಿದ್ದಲ್ಲಿ, ಅಂಗೈ ತಿರುಗಿಸಲಾಗದಿದ್ದಲ್ಲಿ ಅಥವಾ ನರದ ದೌರ್ಬಲ್ಯವಿದ್ದಲ್ಲಿ ಆ ನಷ್ಟವನ್ನು ಅಳೆಯಿಸಿಕೊಳ್ಳುವ ಹಕ್ಕು ಅರ್ಜಿದಾರರಿಗೆ ಇರುತ್ತದೆ. ಊಟ, ಸ್ನಾನ, ಬಟ್ಟೆ ತೊಡುವುದು ಮುಂತಾದ ನಿತ್ಯದ ಹೆಚ್ಚಿನ ಕೆಲಸಗಳಿಗೆ ಮೊಣಕೈಯು 30ರಿಂದ 130 ಡಿಗ್ರಿಯವರೆಗೆ ಮಡಿಸುವಂತಿದ್ದು, ಅಂಗೈಯು ಮೇಲಕ್ಕೂ ಕೆಳಕ್ಕೂ ತಲಾ 50 ಡಿಗ್ರಿ ತಿರುಗಿದರೆ ಸಾಕಾಗುತ್ತದೆ ಎಂದು 1981ರಲ್ಲಿ ಪ್ರಕಟವಾದ ಮಾರಿ ಮತ್ತು ಸಂಗಡಿಗರ ಅಧ್ಯಯನ ತಿಳಿಸಿದೆ. ಅದಕ್ಕಿಂತ ಕಡಿಮೆಯಾದಾಗ ತುತ್ತು ಬಾಯಿಗೆ ತಲುಪುವುದೂ ಕಷ್ಟವಾಗುತ್ತದೆ. ಯಾವ ಕೆಲಸ ಆಗುತ್ತಿಲ್ಲ ಎಂಬುದನ್ನು ಪರೀಕ್ಷೆಯ ಸಮಯದಲ್ಲಿ ಸಂಕೋಚವಿಲ್ಲದೆ, ಉತ್ಪ್ರೇಕ್ಷೆಯೂ ಇಲ್ಲದೆ ತಿಳಿಸತಕ್ಕದ್ದು.

ಮೌಲ್ಯಮಾಪನವು ಚಿಕಿತ್ಸೆ ಮುಗಿದು, ಇನ್ನು ಹೆಚ್ಚಿನ ಸುಧಾರಣೆ ನಿರೀಕ್ಷಿಸಲಾಗದು ಎಂಬ ಹಂತದಲ್ಲಿ ನಡೆಯಬೇಕಾದದ್ದು. ಎಲುಬು ಮುರಿತದೊಡನೆ ಬಂದ ರೇಡಿಯಲ್ ನರದ ದೌರ್ಬಲ್ಯ ಬಹುಪಾಲು ಪ್ರಕರಣಗಳಲ್ಲಿ ಕೆಲವು ತಿಂಗಳುಗಳಲ್ಲಿ ಚೇತರಿಸಿಕೊಳ್ಳುವುದರಿಂದ, ವೈದ್ಯಾಧಿಕಾರಿಗಳು ಕಾಯಲು ಸೂಚಿಸಿದರೆ ಅಥವಾ ನಿರ್ದಿಷ್ಟ ಅವಧಿಯ ಪ್ರಮಾಣಪತ್ರ ನೀಡಿದರೆ ಅದನ್ನು ನಿರಾಕರಣೆ ಎಂದು ಭಾವಿಸಬಾರದು. ಅರ್ಜಿಯನ್ನು ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ, ಯು.ಡಿ.ಐ.ಡಿ. ಎಂದು ಕರೆಯಲಾಗುವ ವಿಶಿಷ್ಟ ಗುರುತಿನ ಚೀಟಿಯ ಸಲುವಾಗಿ ಸಲ್ಲಿಸಬಹುದು. ಪರೀಕ್ಷೆಗೆ ಹಾಜರಾಗುವಾಗ ಗುರುತಿನ ಹಾಗೂ ವಾಸದ ದಾಖಲೆಗಳೊಂದಿಗೆ ಮೊದಲ ಕ್ಷ-ಕಿರಣ ಚಿತ್ರ, ಇತ್ತೀಚಿನ ಚಿತ್ರ, ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರ, ನರಪರೀಕ್ಷೆ ಆಗಿದ್ದಲ್ಲಿ ಅದರ ವರದಿ ಇವುಗಳನ್ನು ತರುವುದು ಉತ್ತಮ. ಎರಡೂ ಕೈಗಳನ್ನು ಹೋಲಿಸಿ ನೋಡಲಾಗುವುದರಿಂದ ತೋಳು ಪೂರ್ತಿ ಮೇಲಕ್ಕೆ ಮಡಿಸಬಹುದಾದ ಸಡಿಲ ಉಡುಪು ಧರಿಸಿ ಬಂದರೆ ಅನುಕೂಲವಾಗುತ್ತದೆ. ಅರ್ಜಿ ತಿರಸ್ಕೃತವಾದಲ್ಲಿ ಕಾರಣಗಳನ್ನು ಲಿಖಿತವಾಗಿ ಪಡೆಯಲು ಅರ್ಜಿದಾರರು ಹಕ್ಕುಳ್ಳವರಾಗಿರುತ್ತಾರೆ. ತೀರ್ಮಾನದ ಬಗ್ಗೆ ಅಸಮಾಧಾನವಿದ್ದಲ್ಲಿ ಅಧಿನಿಯಮದ 59ನೇ ಪ್ರಕರಣದ ಅನ್ವಯ, ರಾಜ್ಯ ಸರ್ಕಾರವು ಗೊತ್ತುಪಡಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದಾಗಿದೆ.